ಬಿಕ್ಕಲಂ

ಖಾಯಂ ವಿಳಾಸ ಅನ್ನುವ ಖಾನೆ ಕಂಡರೆ ನನ್ನ ಕೈ ಈಗಲೂ ತಾನಾಗಿ ತಿಪಟೂರಿನ ಮನೆ ವಿಳಾಸ ಬರೆಯುತ್ತದೆ. ಮೆಲ್ಬರ್ನ್‌ಗೆ ಬಂದು ಹನ್ನೊಂದು ವರ್ಷವಾಯಿತು. ಸಾಲ ಮಾಡಿ ಇಲ್ಲೇ ಮನೆ ತೆಗೆದುಕೊಂಡಿದ್ದೇವೆ, ತೆರಿಗೆ ಕಟ್ಟುತ್ತೇವೆ, ಯಾವ ವಾರ ಯಾವ ಬಣ್ಣದ ಕಸದ ಡಬ್ಬಿ ಹೊರಗಿಡಬೇಕು ಅನ್ನುವುದೂ ಬಾಯಿಪಾಠ ಆಗಿದೆ. ಆದರೂ ಖಾಯಂ ಅಂದರೆ ನನಗೆ ಅದೇ. ಹಿತ್ತಿಲಲ್ಲಿ ಎರಡು ತೆಂಗಿನಮರ, ಬಾಗಿಲ ಮೇಲೆ ಅಪ್ಪನ ಹೆಸರಿನ ತಗಡಿನ ಫಲಕ. ಅಪ್ಪ ಹೋಗಿ ಆರು ವರ್ಷವಾದರೂ ಫಲಕ ತೆಗೆದಿಲ್ಲ. 2024ರ ಜೂನ್‌ನಲ್ಲಿ ಒಂದು ಭಾನುವಾರ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಬೇರೆಯವರ ವೀಸಾ ಫಾರ್ಮಿನಲ್ಲಿ ಅದೇ ಖಾನೆ ಬಂತು. ಲ್ಯಾಪ್‌ಟಾಪ್ ಮುಂದೆ ಕೂತು ಪ್ರಶ್ನೆಯನ್ನು ಹಿಂದಿಯಲ್ಲಿ ಓದಿದೆ. ಫೋನಿನ ಆ ಕಡೆ, ಪಾಕಿಸ್ತಾನದ ಕ್ವೆಟ್ಟಾದಲ್ಲಿ, ಒಬ್ಬ ಹೆಂಗಸು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಯಾವ ತಿಂಗಳದ್ದು ಹೇಳಲಿ?"

ಅವತ್ತಿನಿಂದ ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇದೆ. ಬರೆದರೆ ಹಗುರಾಗಬಹುದು ಅಂತಲ್ಲ. ಒಂದು ವಿಚಿತ್ರವಾದ ಕೆಲಸಕ್ಕೆ ಕೈ ಹಾಕಿದೆ, ಅದು ಇನ್ನೂ ಮುಗಿದಿಲ್ಲ. ಅದನ್ನು ಯಾರಿಗಾದರೂ ಕನ್ನಡದಲ್ಲಿ ಹೇಳಬೇಕು ಅನಿಸಿತು, ಅಷ್ಟೇ.

ಆ ಹೆಂಗಸಿನ ಅಣ್ಣ ನಮ್ಮ ಬಚ್ಚಲಿಗೆ ಟೈಲ್ಸ್ ಹಾಕಿದವರು. ಮುರ್ತಜಾ ಅನ್ನೋಣ, ನಿಜವಾದ ಹೆಸರು ಬೇಡ. ನಾವಿರುವುದು ಡ್ಯಾಂಡಿನಾಂಗ್ ಹತ್ತಿರ. ಅಲ್ಲಿನ ಥಾಮಸ್ ಸ್ಟ್ರೀಟ್‌ನಲ್ಲಿ ಅಫ್ಘಾನ್ ಬಜಾರ್ ಇದೆ. ತಂದೂರಿ ರೊಟ್ಟಿ, ಒಣದ್ರಾಕ್ಷಿ, ಮದುವೆ ಬಟ್ಟೆ ಎಲ್ಲ ಸಿಗುತ್ತದೆ. ಅಂಗಡಿಯವರಲ್ಲಿ, ಕಟ್ಟಡ ಕೆಲಸದವರಲ್ಲಿ ತುಂಬ ಜನ ಹಜಾರಾಗಳು, ಅಫ್ಘಾನಿಸ್ತಾನದ ಪಾರ್ಸಿ ಮಾತಾಡುವ, ಹೆಚ್ಚಾಗಿ ಶಿಯಾ ಆದ ಅಲ್ಪಸಂಖ್ಯಾತರು. ಮೊದಲ ಸಲ ಆ ಹೆಸರು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಹಜಾರ, ಆಮೇಲೆ ಹಂಪಿಯ ಹಜಾರ ರಾಮನ ಗುಡಿ. ಮುರ್ತಜಾಗೆ ಹೇಳಿದೆ. ಅವರ ಭಾಷೆಯಲ್ಲಿ ಹಜಾರ್ ಅಂದರೆ ಸಾವಿರ. ನಮ್ಮಲ್ಲಿ ಹಜಾರ ಅಂದರೆ ಮನೆಗೆ ಬಂದವರನ್ನು ಕೂರಿಸುವ ಜಾಗ ಅಂದೆ. "ನಿಮ್ಮ ಅರ್ಥವೇ ಚೆನ್ನಾಗಿದೆ" ಅಂದು ನಕ್ಕು ಮತ್ತೆ ಸಿಮೆಂಟ್ ಕಲಸಲು ಕೂತರು. ಯೌವನದ ನಾಲ್ಕು ವರ್ಷ ಕ್ವೆಟ್ಟಾದಲ್ಲಿ ಕಳೆದವರು, ಉರ್ದು ಚೆನ್ನಾಗಿ ಬರುತ್ತದೆ. ನನ್ನ ಹಿಂದಿ, ಅವರ ಉರ್ದು, ಇಬ್ಬರ ಅರ್ಧಂಬರ್ಧ ಇಂಗ್ಲಿಷ್. ಮಾತು ಅಲ್ಲಿಂದ ಶುರುವಾಯಿತು.

ಮೂರನೇ ದಿನ ನಮ್ಮ ಊಟದ ಮೇಜಿನ ಮೇಲೆ ಅಮ್ಮನ ವಿಸಿಟರ್ ವೀಸಾದ ಪ್ರಿಂಟ್ ಇತ್ತು. ತಿಪಟೂರಿನಿಂದ ನಮ್ಮ ಜೊತೆ ಮೂರು ತಿಂಗಳು ಇರಲಿಕ್ಕೆ ಬರುವವರಿದ್ದರು. ಟೀ ಕುಡಿಯುತ್ತ ಮುರ್ತಜಾ ಅದನ್ನು ನೋಡಿ, ಎಷ್ಟು ದಿನಕ್ಕೆ ಬಂತು ಅಂತ ಕೇಳಿದರು. ಹತ್ತೊಂಬತ್ತು ದಿನ ಅಂದೆ. ಯಾರು ಅರ್ಜಿ ತುಂಬಿದ್ದು ಅಂದರು. ನಾನೇ ಅಂದೆ. ಲೋಟ ಕೆಳಗಿಟ್ಟು, ಕೈಗೆ ಮೆತ್ತಿದ್ದ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತ ಬಹಳ ಸಂಕೋಚದಿಂದ ಹೇಳಿದರು: "ನನ್ನ ತಂಗಿಯದ್ದೊಂದು ಅರ್ಜಿ ಇದೆ."

ಖಾನೆ, ಖಾನಾ

ಅಪ್ಪ ತಿಪಟೂರಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಪತ್ರ ಬರಹಗಾರರಾಗಿದ್ದರು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ. ಜೊತೆಗೆ ಓದು ಬಾರದವರ ದರಖಾಸ್ತು ಅರ್ಜಿಗಳು. ಅವರ ಬರವಣಿಗೆಯಲ್ಲಿ ನನಗೆ ಇಷ್ಟವಾಗುತ್ತಿದ್ದದ್ದು ಚಕ್ಕುಬಂದಿ. ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ಸರ್ಕಾರಿ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥವರ ಮನೆ ಗೋಡೆ. ನಾಲ್ಕು ಕಡೆಯಿಂದ ಹಿಡಿದು ನಿಲ್ಲಿಸಿಬಿಟ್ಟರೆ ಆ ಜಾಗ ಎಲ್ಲೂ ಓಡಿಹೋಗುವುದಿಲ್ಲ ಅನ್ನುವ ಧೈರ್ಯ ಅದರಲ್ಲಿತ್ತು. ಪತ್ರದ ಕೊನೆಗೆ, ಸಾಕ್ಷಿಗಳ ರುಜು ಆದಮೇಲೆ, ಒಂದು ಮೂಲೆಯಲ್ಲಿ ಚಿಕ್ಕದಾಗಿ "ಬಿಕ್ಕಲಂ" ಅಂತ ಬರೆದು ತಮ್ಮ ಹೆಸರು ಹಾಕುತ್ತಿದ್ದರು. ಬರೆದವರು ಇಂಥವರು ಅಂತ. ಚಿಕ್ಕವಳಿದ್ದಾಗ ಅದು ಯಾವುದೋ ಮಂತ್ರ ಅಂದುಕೊಂಡಿದ್ದೆ. ಮುರ್ತಜಾಗೆ ಹೇಳಿದಾಗ ಅವರಿಗೆ ತಕ್ಷಣ ಹೊಳೆಯಿತು. "ಬ ಕಲಮ್! ಇಂಥವರ ಲೇಖನಿಯಿಂದ ಅಂತ. ಅದು ನಮ್ಮ ಮಾತು."

ಅವರ ಮಾತೇ. ಅರ್ಜಿ, ಕಾಗದ, ದಸ್ತಾವೇಜು, ತಾರೀಖು, ಹುಕುಂ, ಮಂಜೂರು, ಗುಮಾಸ್ತ: ನಮ್ಮ ತಾಲ್ಲೂಕು ಕಚೇರಿಯ ಅರ್ಧ ನಿಘಂಟು ಪಾರ್ಸಿಯಿಂದ ಬಂದದ್ದು ಅಂತ ಶಾಲೆಯಲ್ಲಿ ಓದಿದ್ದೆ. ಆ ಪದಗಳನ್ನು ಮನೆಮಾತಾಗಿ ಆಡುವವರು ಎದುರಿಗೆ ಕೂತು, ಅದೇ ಪದಗಳ ಮುಂದೆ ಕೈಕಟ್ಟಿ ನಿಂತಿದ್ದನ್ನು ನೋಡಿರಲಿಲ್ಲ. ನಮಗೆ ಖಾನೆ ಅಂದರೆ ಫಾರ್ಮಿನ ಚೌಕ. ಅವರಿಗೆ ಖಾನಾ ಅಂದರೆ ಮನೆ. ಜನಗಣತಿಗೆ ನಾವು ಖಾನೇಷುಮಾರಿ ಅನ್ನುತ್ತೇವಲ್ಲ, ಅದು ಮನೆ ಎಣಿಸುವುದೇ.

ತಂಗಿಯ ಸಂಸಾರ ಮೊದಲಿದ್ದದ್ದು ಕಾಬೂಲ್‌ನ ಪಶ್ಚಿಮ ಭಾಗದಲ್ಲಿ, ದಶ್ತ್-ಎ-ಬರ್ಚಿಯಲ್ಲಿ. ಆಕೆ ಶಾಲೆ ಟೀಚರ್. ಗಂಡ ಸರ್ಕಾರಿ ಗುಮಾಸ್ತ. ಒಬ್ಬ ಮಗಳು, ಇಬ್ಬರು ಗಂಡುಮಕ್ಕಳು, ಜೊತೆಗೆ ಮುರ್ತಜಾರ ತಾಯಿ. ಬರ್ಚಿ ಹಜಾರಾಗಳ ಪ್ರದೇಶ. 2021ರ ಮೇ 8ರಂದು ಅಲ್ಲಿನ ಸಯೀದ್ ಉಲ್ ಶುಹದಾ ಶಾಲೆಯ ಗೇಟಿನ ಹತ್ತಿರ ಬಾಂಬ್ ಸಿಡಿದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಹುಡುಗಿಯರು. ಆಗಸ್ಟ್‌ನಲ್ಲಿ ತಾಲಿಬಾನ್ ಬಂತು. ಸೆಪ್ಟೆಂಬರ್‌ನಲ್ಲಿ ಆರನೇ ತರಗತಿಯ ಮೇಲಿನ ಹುಡುಗಿಯರಿಗೆ ಶಾಲೆ ಇಲ್ಲ ಅಂತಾಯಿತು. ಮಗಳು ಆಗ ಏಳನೇ ತರಗತಿ. ಹೊರಟುಬಿಟ್ಟರು. ಸ್ಪಿನ್ ಬೋಲ್ದಕ್ ದಾಟಿ, ಚಮನ್ ದಾಟಿ, ಕ್ವೆಟ್ಟಾದ ಹಜಾರಾ ಟೌನ್‌ಗೆ.

ಕ್ವೆಟ್ಟಾದಲ್ಲಿ ಹಜಾರಾಗಳು ನೂರು ವರ್ಷಕ್ಕೂ ಹಿಂದಿನಿಂದ ಇದ್ದಾರೆ. 1890ರ ದಶಕದಲ್ಲಿ ಅಫ್ಘಾನಿಸ್ತಾನದ ಅಮೀರ್ ಅಬ್ದುರ್ ರಹಮಾನ್ ಹಜಾರಾಗಳ ಸೀಮೆಯ ಮೇಲೆ ದಂಡೆತ್ತಿ ಹೋದಾಗ ತಪ್ಪಿಸಿಕೊಂಡು ಬಂದವರ ಮೊಮ್ಮಕ್ಕಳು, ಮರಿಮಕ್ಕಳು. ಪಾಕಿಸ್ತಾನದ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಮೂಸಾ ಖಾನ್ ಅದೇ ಊರಿನ ಹಜಾರಾ. ಹಾಗಂತ ಅದು ನೆಮ್ಮದಿಯ ಊರೇನಲ್ಲ. 2013ರ ಜನವರಿ 10ರಂದು ಅಲಮ್‌ದಾರ್ ರಸ್ತೆಯ ಸ್ನೂಕರ್ ಕ್ಲಬ್‌ನಲ್ಲಿ ಬಾಂಬ್. ಮರುತಿಂಗಳು ಹಜಾರಾ ಟೌನ್ ಹತ್ತಿರದ ಮಾರ್ಕೆಟ್‌ನಲ್ಲಿ. ಚಳಿಯಲ್ಲಿ ಶವಪೆಟ್ಟಿಗೆಗಳನ್ನು ರಸ್ತೆಯಲ್ಲಿಟ್ಟುಕೊಂಡು, ನ್ಯಾಯ ಸಿಗುವವರೆಗೆ ಮಣ್ಣು ಮಾಡುವುದಿಲ್ಲ ಅಂತ ಮನೆಯವರು ಕೂತಿದ್ದರು. 2021ರ ಜನವರಿಯಲ್ಲಿ ಮಚ್ ಅನ್ನುವಲ್ಲಿ ಕಲ್ಲಿದ್ದಲು ಗಣಿಯ ಹಜಾರಾ ಕೂಲಿಗಳನ್ನು ಆರಿಸಿ ಕೊಂದಾಗಲೂ ಹಾಗೇ ಕೂತರು. ಬಡಾವಣೆಯ ಸುತ್ತ ಚೆಕ್‌ಪೋಸ್ಟ್‌ಗಳಿವೆ. ಕಾಯುವುದಕ್ಕೆ ಅಂತ. "ಕಾಯುವವರು ಬೇಲಿ ಹಾಕಿದರೆ ಒಳಗಿರುವವರನ್ನು ಎಣಿಸುವುದೂ ಸುಲಭ" ಅಂದಿದ್ದರು ಮುರ್ತಜಾ.

2023ರ ಅಕ್ಟೋಬರ್ 3ರಂದು ಪಾಕಿಸ್ತಾನದ ಉಸ್ತುವಾರಿ ಸರ್ಕಾರ ಒಂದು ಹುಕುಂ ಹೊರಡಿಸಿತು. ಕಾಗದ ಇಲ್ಲದ ವಿದೇಶಿಯರು ನವೆಂಬರ್ 1ರೊಳಗೆ ದೇಶ ಬಿಡಬೇಕು. ವಿದೇಶಿಯರು ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಹದಿನೇಳು ಲಕ್ಷ ಅಫ್ಘನ್ನರು ಕಾಗದವಿಲ್ಲದೆ ಇದ್ದಾರೆ ಅಂತ ಸರ್ಕಾರವೇ ಲೆಕ್ಕ ಹೇಳಿತ್ತು. ಅಲ್ಲಿಂದ ಶುರು ತಂಗಿಯ ಮನೆ ಬದಲಾವಣೆ. ಅಫ್ಘನ್ನರಿಗೆ ಬಾಡಿಗೆ ಕೊಟ್ಟರೆ ಮಾಲೀಕನ ಮೇಲೂ ಕೇಸು. ಹಾಗಾಗಿ ಎರಡು ತಿಂಗಳು ಇಲ್ಲಿ, ಆರು ವಾರ ಅಲ್ಲಿ. ಒಮ್ಮೆ ಯಾರದೋ ಅಂಗಡಿಯ ಹಿಂದಿನ ಗೋದಾಮಿನಲ್ಲಿ.

ಆ ಭಾನುವಾರ ನಾನು ಹಾಕಿದ್ದ ಪ್ರಶ್ನೆ ಇದೇ ಸಂಸಾರಕ್ಕೆ. ಖಾಯಂ ವಿಳಾಸ.

ಕೊನೆಗೆ ಚಕ್ಕುಬಂದಿಯ ಹಾಗೇ ಬರೆದೆವು. ಇಂಥ ಮಸೀದಿಯ ಹಿಂದೆ, ಇಂಥ ತಂದೂರಿನ ಪಕ್ಕ, ಮೇಲಿನ ಕೋಣೆ. ಫಾರ್ಮಿನಲ್ಲಿ ಪಿನ್‌ಕೋಡ್ ಕೇಳುತ್ತಿತ್ತು. ತಂಗಿ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಕೆಳಗಿನ ಮನೆಯವರಿಗೆ ಕಾಬೂಲ್ ಉಚ್ಚಾರ ಕೇಳಿಸಬಾರದಂತೆ. ಮಧ್ಯೆ ಕರೆಂಟ್ ಹೋಗಿ ವಿಡಿಯೊ ಕಪ್ಪಾಯಿತು, ದನಿ ಮಾತ್ರ ಉಳಿಯಿತು. ಕತ್ತಲಲ್ಲೇ ಆಕೆ ಸತ್ತ ತಮ್ಮಂದಿರ ಹೆಸರು, ಸತ್ತ ವರ್ಷ ಹೇಳಿದರು. ಫಾರ್ಮಿಗೆ ಅದೂ ಬೇಕು. ಮುರ್ತಜಾ ಹೀಟರ್ ಪಕ್ಕ ತಲೆ ತಗ್ಗಿಸಿ ಕೂತಿದ್ದರು. ಅವರಲ್ಲಿ ಒಬ್ಬ ತಮ್ಮ ಸತ್ತ ವರ್ಷ ಅವರಿಗೆ ಗೊತ್ತಿದ್ದದ್ದು ಬೇರೆ. ಹನ್ನೆರಡು ವರ್ಷ ದೂರ ಇದ್ದವರಿಗೆ ಎರಡು ವರ್ಷ ತಡವಾಗಿ ಹೇಳಿದ್ದರು ಅಂತ ಅವತ್ತು ತಿಳಿಯಿತು.

ಜೂನ್ 1, ಜನವರಿ 1

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದಲ್ಲಿ ಪರವಾನಗಿ ಇಲ್ಲದವರು ವೀಸಾ ಸಲಹೆ ಕೊಡುವುದು ಅಪರಾಧ. ಹಾಗಾಗಿ ಸಲಹೆ ಕೊಟ್ಟದ್ದು ಒಂದು ಉಚಿತ ಕಾನೂನು ಕೇಂದ್ರದ ವಕೀಲೆ. ನಾನು ಬರೀ ಕೈ. ಕೇಳಿದ್ದನ್ನು ಟೈಪ್ ಮಾಡಿದೆ, ಕಾಗದಗಳನ್ನು ಸ್ಕ್ಯಾನ್ ಮಾಡಿ ಹೆಸರಿಟ್ಟೆ, ತಾರೀಖುಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದೆ. ಅಪ್ಪನೂ ಅಷ್ಟೇ ಮಾಡುತ್ತಿದ್ದದ್ದು. ನಿರಾಶ್ರಿತರಿಗೆ ಅಂತ ಇರುವ ಈ ವೀಸಾಕ್ಕೆ ಸರ್ಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ. ಆದರೂ ವಾಟ್ಸಾಪ್‌ನಲ್ಲಿ ಒಬ್ಬ ಏಜೆಂಟ್ ತಲೆಗಿಷ್ಟು ಡಾಲರ್ ಅಂತ ರೇಟ್ ಹೇಳಿ, "ಫೈಲ್ ಒಳಗಿಂದ ಮೂವ್ ಮಾಡಿಸ್ತೀನಿ" ಅಂದಿದ್ದ. ಮುರ್ತಜಾ ಕೊಡಲು ತಯಾರಿದ್ದರು. ಆ ದುಡ್ಡು ಉಳಿಸಿದ್ದೊಂದೇ ಈ ಇಡೀ ವ್ಯವಹಾರದಲ್ಲಿ ನಾನು ಗಟ್ಟಿಯಾಗಿ ಹೇಳಿಕೊಳ್ಳಬಹುದಾದ ಉಪಕಾರ.

ಮುರ್ತಜಾ 2012ರಲ್ಲಿ ಇಂಡೋನೇಷ್ಯಾದಿಂದ ದೋಣಿಯಲ್ಲಿ ಬಂದವರು. ಹಾಗೆ ಬಂದವರಿಗೆ ಇಲ್ಲಿ ವರ್ಷಗಟ್ಟಲೆ ತಾತ್ಕಾಲಿಕ ವೀಸಾ. ತಾತ್ಕಾಲಿಕದವರು ಮನೆಯವರನ್ನು ಕರೆಸುವ ಹಾಗಿಲ್ಲ. 2023ರ ಫೆಬ್ರವರಿಯಲ್ಲಿ ನಿಯಮ ಬದಲಾಗಿ, ಅಂಥ ಸುಮಾರು 19,000 ಜನರಿಗೆ ಖಾಯಂ ಆಗುವ ದಾರಿ ತೆರೆಯಿತು. ಅವರದ್ದು ಮರುವರ್ಷ ಬಂತು. ಬಂದ ವಾರವೇ ತಂಗಿಯ ಪರವಾಗಿ ಪ್ರಸ್ತಾವ ಹಾಕುವ ಹಕ್ಕೂ ಬಂತು. ಅಷ್ಟರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಅಫ್ಘನ್ನರ ಹೆಸರಿನಲ್ಲಿ ಅರ್ಜಿಗಳು ಬಂದು ಬಿದ್ದಿದ್ದವು. ಅಫ್ಘನ್ನರಿಗೆ ಅಂತ ಸರ್ಕಾರ 2026ರ ಜೂನ್‌ವರೆಗೆ ತೆಗೆದಿಟ್ಟ ಮಾನವೀಯ ವೀಸಾ ಸ್ಥಾನಗಳು 26,500. ನಾನು ಅಕೌಂಟೆಂಟ್. ಭಾಗಾಕಾರ ಮಾಡುವುದು ಅಭ್ಯಾಸ. ಅವತ್ತು ಮಾಡಿ, ಮುರ್ತಜಾಗೆ ಹೇಳಲಿಲ್ಲ. ಹೇಳಬೇಕಿತ್ತೇನೋ.

ತಾರೀಖಿನ ತಕರಾರು ಬಂದದ್ದು ಎರಡನೇ ಭಾನುವಾರ. ಐದು ಜನರ ಹುಟ್ಟಿದ ದಿನ ಟೈಪ್ ಮಾಡುತ್ತಿದ್ದೆ. ಗಂಡ, ಜನವರಿ 1. ಹೆಂಡತಿ, ಜನವರಿ 1. ಮಗಳು, ಜನವರಿ 1. ಗಂಡುಮಕ್ಕಳಿಬ್ಬರಿಗೂ ಬೇರೆ ಬೇರೆ ವರ್ಷದ ಜನವರಿ 1. ಇದೇನು ಕಣ್ತಪ್ಪು ಅಂದುಕೊಂಡೆ. ಕಣ್ತಪ್ಪಲ್ಲ. ಅಫ್ಘಾನಿಸ್ತಾನದ ಹಳೆಯ ಗುರುತಿನ ಕಾಗದ, ತಜ್ಕಿರಾ, ಅದರಲ್ಲಿ ಹುಟ್ಟಿದ ದಿನ ಇರುವುದಿಲ್ಲ. ಇಂಥ ವರ್ಷ ಇಷ್ಟು ವಯಸ್ಸು ಅಂತ ಇರುತ್ತದೆ. ಮಗಳದ್ದರಲ್ಲಿ "1390ರಲ್ಲಿ 3 ವರ್ಷ" ಅಂತಿತ್ತು. ಅದು ಅವರ ಸೌರ ಪಂಚಾಂಗ, ಯುಗಾದಿ ಆಸುಪಾಸಿಗೆ ಶುರುವಾಗುವ ವರ್ಷ. ಮೂರು ಕಳೆದರೆ 1387. ಅದಕ್ಕೆ 621 ಕೂಡಿಸಿದರೆ 2008. ಪಾಸ್‌ಪೋರ್ಟ್ ಮಾಡಿಸುವಾಗ ಯಾರೋ ಗುಮಾಸ್ತ ಹಿಂದೆ ಒಂದು ಜನವರಿ 1 ಸೇರಿಸಿ ಮುಗಿಸಿದ್ದ. 2008ರ ಜನವರಿ 1 ಅಂದರೆ ಅವರ ಲೆಕ್ಕದಲ್ಲಿ ಇನ್ನೂ 1386! ಆ ತಾರೀಖಿಗೆ ಆ ಹುಡುಗಿ ಹುಟ್ಟಿರಲು ಸಾಧ್ಯವೇ ಇಲ್ಲ. ತಂಗಿಯನ್ನು ಕೇಳಿದೆವು. "ತೂತ್ ಹಣ್ಣಾಗಿತ್ತು. ಅಂಗಳವೆಲ್ಲ ಅಂಟಂಟು, ಸೂಲಗಿತ್ತಿ ಜಾರಿದಳು" ಅಂದರು. ತೂತ್ ಅಂದರೆ ನಮ್ಮ ಹಿಪ್ಪುನೇರಳೆ. ಅಲ್ಲಿ ಅದು ಹಣ್ಣಾಗುವುದು ಬೇಸಿಗೆ ಶುರುವಿನಲ್ಲಿ.

ನನಗೆ ನಗು ಬಂತು. ಅಪ್ಪನ ಜನ್ಮದಿನ ಜೂನ್ 1. ದೊಡ್ಡಪ್ಪನದ್ದೂ ಜೂನ್ 1. ಅವರ ತರಗತಿಯ ಅರ್ಧ ಹುಡುಗರದ್ದೂ. ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ ಮೇಷ್ಟ್ರು ಕೈಯನ್ನು ತಲೆ ಮೇಲಿಂದ ಬಳಸಿ ಕಿವಿ ಮುಟ್ಟಿಸಿ ನೋಡಿ ಹಾಕಿದ ತಾರೀಖು. ಅಜ್ಜಿಯನ್ನು ಕೇಳಿದರೆ "ಅವನು ಹುಟ್ಟಿದ್ದು ರಾಗಿ ಕಣ ಮಾಡೋವಾಗ" ಅನ್ನುತ್ತಿದ್ದರು. ಅದೇ ಜೂನ್ 1ನ್ನೇ ಹಿಡಿದುಕೊಂಡು ಅಪ್ಪ ಬದುಕಿಡೀ ನಡೆದರು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಸಂತೋಷದಿಂದ ಇದನ್ನು ಹೇಳಿ, "ಹಾಗಾದರೆ ಮಗಳದ್ದು ಜೂನ್ ಅಂತ ಸರಿ ಮಾಡೋಣ" ಅಂದೆ. ಮುರ್ತಜಾ ಹೌದು ಅಂದರು. ವಕೀಲೆ ಬೇಡ ಅಂದರು. ಪಾಸ್‌ಪೋರ್ಟ್‌ನಲ್ಲಿ ಏನಿದೆಯೋ ಅದನ್ನೇ ಹಾಕಿ. ಎರಡು ಕಾಗದದಲ್ಲಿ ಎರಡು ತಾರೀಖು ಬಂದರೆ ಉಳಿದ ಮಾತಿನ ಮೇಲೂ ಅನುಮಾನ ಬರುತ್ತದೆ. ಬೇಕಾದರೆ ಹೇಳಿಕೆಯಲ್ಲಿ ಒಂದು ಸಾಲು ವಿವರಿಸಿ. ಅವರು ಹೇಳಿದ್ದು ಸರಿ. ಒಂದು ಸಾಲು ಬರೆದೆವು. ಜನವರಿ 1 ಹಾಗೇ ಉಳಿಯಿತು.

ಫಾರ್ಮಿನ ಕೊನೆಗೆ ಒಂದು ಪ್ರಶ್ನೆ ಇದೆ. ಇದನ್ನು ತುಂಬಲು ಯಾರಾದರೂ ಸಹಾಯ ಮಾಡಿದರೇ, ಮಾಡಿದ್ದರೆ ಹೆಸರು, ವಿಳಾಸ. ಅಲ್ಲಿ ನನ್ನ ಹೆಸರು ಟೈಪ್ ಮಾಡಿದೆ. ಪಕ್ಕದಲ್ಲಿ ಮುರ್ತಜಾ ಬೆರಳಿಟ್ಟು ಮೆಲ್ಲಗೆ "ಬಿಕ್ಕಲಂ" ಅಂದರು.

ಬೂಟು

ಅರ್ಜಿ ತಲುಪಿದೆ ಅಂತ ಪತ್ರ ಬಂದದ್ದು ತಿಂಗಳುಗಳ ನಂತರ. ಅದರಲ್ಲಿ ಒಂದು ಫೈಲ್ ನಂಬರ್. ಆ ನಂಬರನ್ನು ತಂಗಿ ಮಕ್ಕಳ ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದ ಫೋಟೊ ಕಳಿಸಿದ್ದರು. ಅದು ವೀಸಾ ಅಲ್ಲ, ಪೊಲೀಸರಿಗೆ ತೋರಿಸಿದರೆ ಪ್ರಯೋಜನ ಇಲ್ಲ ಅಂತ ಎಷ್ಟು ಸಲ ಹೇಳಿದ್ದೆನೋ. ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗಕ್ಕೆ ಕೆಲಸ ಮಾಡುವ ಸಂಸ್ಥೆಯೊಂದು ಕೊಟ್ಟ ಚೀಟಿಯೂ ಅವರ ಹತ್ತಿರ ಇತ್ತು. ಪಾಕಿಸ್ತಾನ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. (ಭಾರತವೂ ಹಾಕಿಲ್ಲ. ಬೈಲಕುಪ್ಪೆಗೆ ಶಾಲೆಯಿಂದ ಪಿಕ್ನಿಕ್ ಹೋದಾಗ ಚಿನ್ನದ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡು ಬಂದೆವು. ಅಲ್ಲಿನ ಟಿಬೆಟನ್ನರ ಹತ್ತಿರ ಯಾವ ಕಾಗದ ಇದೆ, ಅದನ್ನು ಎಷ್ಟು ದಿನಕ್ಕೊಮ್ಮೆ ನವೀಕರಿಸಬೇಕು ಅಂತ ಕೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.)

2025ರ ಮಾರ್ಚ್ 31 ಇನ್ನೊಂದು ಗಡುವು. ಈ ಸಲ ಅಫ್ಘನ್ ಸಿಟಿಜನ್ ಕಾರ್ಡ್ ಅಂತ ಪಾಕಿಸ್ತಾನವೇ ಕೊಟ್ಟಿದ್ದ ಕಾರ್ಡ್ ಇದ್ದವರೂ ಹೊರಡಬೇಕು. ಕಾರ್ಡಿನವರಿಗೇ ಹಾಗಾದರೆ ಚೀಟಿಯವರ ಪಾಡೇನು. ಏಪ್ರಿಲ್ ಎರಡನೇ ವಾರ, ಬೆಳಗಿನ ಜಾವ, ಗಂಡ ಕೆಲಸ ಮಾಡುತ್ತಿದ್ದ ರೊಟ್ಟಿ ಅಂಗಡಿಗೆ ಪೊಲೀಸ್ ವ್ಯಾನ್ ಬಂತು. ಆತ ತಂದೂರಿನ ಮುಂದೆ ಅಂಗಡಿಯ ರಬ್ಬರ್ ಚಪ್ಪಲಿಯಲ್ಲಿ ಇದ್ದರು. ಜೇಬಿನಲ್ಲಿದ್ದ ಚೀಟಿ ತೋರಿಸಿದರು. ಅದನ್ನು ಮಡಚಿ ವಾಪಸ್ ಜೇಬಿಗೇ ಇಟ್ಟು ವ್ಯಾನ್ ಹತ್ತಿಸಿದರಂತೆ. ಅವಮಾನ ಮಾಡಲಿಲ್ಲ, ಹೊಡೆಯಲಿಲ್ಲ. ಬಸ್ಸಿನಲ್ಲಿ ಚಮನ್‌ಗೆ ಒಯ್ದು ಗಡಿ ದಾಟಿಸಿದರು. ಮೂರು ದಿನ ಸುದ್ದಿಯಿಲ್ಲ. ಆಮೇಲೆ ಕಂದಹಾರ್‌ನಿಂದ ಯಾರದೋ ಫೋನಿನಲ್ಲಿ ಒಂದು ನಿಮಿಷ ಮಾತಾಡಿದರು. ಹಿಟ್ಟಿನ ಚಪ್ಪಲಿಯಲ್ಲೇ ಇದ್ದೇನೆ, ಕಾಬೂಲ್ ಬಸ್ಸಿಗೆ ದುಡ್ಡು ಬೇಕು.

ಆ ಮೂರು ದಿನ ಮುರ್ತಜಾ ಕೆಲಸಕ್ಕೆ ಹೋಗಲಿಲ್ಲ. ನಮ್ಮ ಮನೆಗೆ ಬಂದು ಕೂರುತ್ತಿದ್ದರು. ಅಮ್ಮ ಆಗ ಮತ್ತೊಮ್ಮೆ ಬಂದಿದ್ದರು. ಭಾಷೆ ಬರುವುದಿಲ್ಲ, ಆದರೆ ಯಾರದೋ ಮನೆಗೆ ಕಷ್ಟ ಬಂದಿದೆ ಅಂತ ಗೊತ್ತಾಯಿತು. ಉಪ್ಪಿಟ್ಟು ಮಾಡಿ ಎದುರಿಗಿಟ್ಟು, "ತಿನ್ನಪ್ಪ, ಹೊಟ್ಟೆ ಏನು ಮಾಡ್ತು" ಅಂತ ಕನ್ನಡದಲ್ಲೇ ಗದರಿದರು. ಅವರು ತಿಂದರು. ಮುಗಿಸಿ ತಟ್ಟೆಯನ್ನು ತಾವೇ ತೊಳೆದಿಟ್ಟರು.

ತಂಗಿ ಮಾಡಿದ್ದು ನನಗೆ ಇವತ್ತಿಗೂ ಮರೆಯಲಾಗದು. ರೊಟ್ಟಿ ಅಂಗಡಿಗೆ ಹೋಗಿ ಗಂಡನ ಬೂಟು ತಂದರು. ಒರೆಸಿ, ಕೋಣೆಯ ಹೊರಗೆ, ಬಾಗಿಲ ಪಕ್ಕ ಇಟ್ಟರು. ಮನೆಯಲ್ಲಿ ಗಂಡಸಿದ್ದಾನೆ ಅಂತ ಕೆಳಗಿನವರಿಗೆ ಕಾಣಬೇಕು. ದಿನಾ ಬೆಳಿಗ್ಗೆ ಒಳಗೆ ತೆಗೆದು ಸಂಜೆ ಹೊರಗಿಡುತ್ತಿದ್ದರು. ಕೆಲಸಕ್ಕೆ ಹೋಗಿ ಬಂದ ಹಾಗೆ. ಆಮೇಲೆ ಬದಲಾಯಿಸಿದ ಎರಡು ಮನೆಗಳಿಗೂ ಆ ಬೂಟು ಹೋಯಿತು.

ಈಗ ಕಾಗದದ ಮಾತು. 1951ರ ಒಪ್ಪಂದದ ಪ್ರಕಾರ ನಿರಾಶ್ರಿತ ಅಂದರೆ ತನ್ನ ದೇಶದ ಹೊರಗಿರುವವನು. ಭಯ ಇದ್ದರೆ ಸಾಲದು, ಗಡಿಯ ಆಚೆ ಇರಬೇಕು. ಆಸ್ಟ್ರೇಲಿಯಾದಲ್ಲಿ ಸಂಬಂಧಿಕರು ಪ್ರಸ್ತಾವ ಹಾಕುವ 202 ನಂಬರಿನ ವೀಸಾ ಕೂಡ ಊರಿನ ಹೊರಗಿರುವವರಿಗೆ. ಒಳಗಿರುವವರಿಗೆ ಬೇರೆ ನಂಬರ್, 201. ಅದು ಸಿಗುವುದು ಬಲು ಅಪರೂಪ. ಅಂದರೆ ಆ ಮನುಷ್ಯನನ್ನು ಯಾವ ಭಯದಿಂದ ಓಡಿಬಂದಿದ್ದನೋ ಅದರ ಬಾಯಿಗೇ ವಾಪಸ್ ಹಾಕಿದಾಗ, ಅದೇ ಕ್ಷಣಕ್ಕೆ ಕಾಗದದ ಮೇಲೆ ಆತ ನಿರಾಶ್ರಿತನಲ್ಲ. ಇದನ್ನು ವಕೀಲೆ ವಿವರಿಸಿದಾಗ, ಇಷ್ಟು ವರ್ಷ ನಿಯಮ ಓದುವ ಕೆಲಸದಲ್ಲೇ ಇದ್ದ ನನಗೂ ಎರಡು ಸಲ ಕೇಳಬೇಕಾಯಿತು. ಮುರ್ತಜಾಗೆ ಒಂದೇ ಸಲಕ್ಕೆ ಅರ್ಥವಾಯಿತು.

ಆಮೇಲಿನ ಫೋನು ಇನ್ನೂ ಕಷ್ಟದ್ದು. ತಂಗಿ ನೇರವಾಗಿ ಕೇಳಿದರು. "ನಾನೂ ಮಕ್ಕಳನ್ನು ಕರೆದುಕೊಂಡು ಕಾಬೂಲ್‌ಗೆ ಹೋದರೆ ಫೈಲ್ ಏನಾಗುತ್ತೆ?" ಬೇರೆ ಬಾಗಿಲುಗಳನ್ನು ಅಷ್ಟರಲ್ಲಿ ನೋಡಿಯಾಗಿತ್ತು. ಅಮೆರಿಕ ಜನವರಿ 20ರಂದೇ ನಿರಾಶ್ರಿತರ ಕಾರ್ಯಕ್ರಮ ನಿಲ್ಲಿಸುವ ಹುಕುಂ ಹೊರಡಿಸಿತ್ತು. ಕೆನಡಾದಲ್ಲಿ ಐದು ಜನ ಸೇರಿ ಒಂದು ಸಂಸಾರವನ್ನು ಕರೆಸುವ ವ್ಯವಸ್ಥೆ ಇತ್ತು, ಅಲ್ಲಿದ್ದ ಒಬ್ಬ ದಾಯಾದಿ ಐದನೆಯವರನ್ನು ಹುಡುಕುತ್ತಿರುವಾಗಲೇ, 2024ರ ನವೆಂಬರ್ ಕೊನೆಗೆ, ಹೊಸ ಅರ್ಜಿ ತೆಗೆದುಕೊಳ್ಳುವುದಿಲ್ಲ ಅಂದುಬಿಟ್ಟರು. ಇರಾನ್‌ನಲ್ಲಿದ್ದ ಇನ್ನೊಬ್ಬ ಸಂಬಂಧಿ "ಇಲ್ಲಿಗೆ ಬರಬೇಡಿ" ಅಂದ. ಎರಡು ತಿಂಗಳಿಗೆ ಆತನನ್ನೂ ಅಫ್ಘಾನಿಸ್ತಾನದ ಇಸ್ಲಾಂ ಕಲಾ ಗಡಿಯಲ್ಲಿ ಬಿಟ್ಟರು. ವಕೀಲೆ ಹೇಳಿದರು: "ಹೋಗಿ ಅಂತಲೂ ಇರಿ ಅಂತಲೂ ನಾನು ಹೇಳಲಾರೆ. ಕಾಗದದ ಮೇಲೆ ಏನಾಗುತ್ತದೆ ಅನ್ನುವುದನ್ನಷ್ಟೇ ಹೇಳಬಲ್ಲೆ." ಹೇಳಿದರು. ನಾನು ಹಿಂದಿಗೆ ತಿರುಗಿಸಿದೆ, ಮುರ್ತಜಾ ತಮ್ಮ ಮನೆಮಾತು ಹಜಾರಗಿಗೆ. ಮೂರು ಬಾಯಿ ದಾಟಿ ಹೋಗುವಷ್ಟರಲ್ಲಿ ಆ ವಾಕ್ಯ ಎಷ್ಟು ತಣ್ಣಗಾಗಿತ್ತೋ ಗೊತ್ತಿಲ್ಲ. ಆ ಕಡೆ ತಂಗಿ, "ಅಂದರೆ ನಾನು ಇಲ್ಲೇ ಅವಿತುಕೊಂಡಿದ್ದರೆ ಫೈಲ್ ಜೀವಂತ" ಅಂದರು.

ಒಂದು ಸಂಸಾರ ಒಟ್ಟಿಗಿರಬೇಕೋ ಬೇರೆಯಾಗಿರಬೇಕೋ ಅನ್ನುವುದು ನಾನು ಟೈಪ್ ಮಾಡಿದ ಒಂದು ಖಾನೆಯಿಂದ ನಿರ್ಧಾರವಾಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಅಂತ ಒಳಗೊಳಗೇ ಒಂದು ಹೆಮ್ಮೆ ಇತ್ತಲ್ಲ, ಅದು ಹೋಯಿತು. ಮಾರನೇ ದಿನ ಬದಲಾದ ಸ್ಥಿತಿಗತಿ ತಿಳಿಸುವ 1022 ನಂಬರಿನ ಫಾರ್ಮ್ ತುಂಬಿದೆವು. ಗಂಡನ ಹೊಸ ವಿಳಾಸ: ಕಾಬೂಲ್, ದಶ್ತ್-ಎ-ಬರ್ಚಿ, ಭಾವನ ಮನೆ. ನಾಲ್ಕು ವರ್ಷದ ಹಿಂದೆ ಎಲ್ಲಿಂದ ಹೊರಟಿದ್ದರೋ ಅಲ್ಲಿಂದ ಎರಡೇ ಓಣಿ ಆಚೆ. ಬರೆದವರು ನಾನೇ.

ಪಟಾಕಿ

ಆಮೇಲೆ ಹೇಳುವಂಥದ್ದು ಹೆಚ್ಚೇನೂ ಆಗಿಲ್ಲ. ಕಾಯುವುದರ ಬಗ್ಗೆ ಬರೆಯಲು ಕೂತರೆ ಬರೆಯಲಿಕ್ಕೆ ಏನೂ ಇರುವುದಿಲ್ಲ. ತಿಂಗಳಿಗೊಮ್ಮೆ ಇಲಾಖೆಗೆ ಇಮೇಲ್ ಬರೆಯುತ್ತೇವೆ, ಯಂತ್ರದ ಉತ್ತರ ಬರುತ್ತದೆ. ತಂಗಿ ಮತ್ತೆ ಎರಡು ಮನೆ ಬದಲಾಯಿಸಿದರು. ವಿಳಾಸ ಬದಲಾದಾಗಲೆಲ್ಲ ತಿಳಿಸುತ್ತೇವೆ. ಮುರ್ತಜಾರ ತಾಯಿಗೆ ಸಕ್ಕರೆ ಕಾಯಿಲೆ, ಔಷಧ ಅಂಗಡಿಗೆ ಮೊಮ್ಮಗಳೇ ಹೋಗುತ್ತಾಳೆ. ಹುಡುಗಿಗೆ ಕ್ವೆಟ್ಟಾ ಉಚ್ಚಾರ ಚೆನ್ನಾಗಿ ಹತ್ತಿದೆ, ಚೆಕ್‌ಪೋಸ್ಟ್‌ನಲ್ಲಿ ಅವಳನ್ನು ಯಾರೂ ತಡೆಯುವುದಿಲ್ಲ. ಮನೆಯಲ್ಲೇ ಇಬ್ಬರು ತಮ್ಮಂದಿರಿಗೆ ಪಾಠ ಹೇಳುತ್ತಾಳೆ. ನನ್ನ ಜೊತೆ ಇಂಗ್ಲಿಷ್‌ನಲ್ಲಿ ಮೆಸೇಜ್ ಮಾಡುತ್ತಾಳೆ. ಒಮ್ಮೆ ತಿಪಟೂರು ಮ್ಯಾಪಿನಲ್ಲಿ ಹುಡುಕಿ, "ಇಲ್ಲಿ ಇಷ್ಟೊಂದು ಮರ ಯಾವುದು?" ಅಂತ ಕೇಳಿದ್ದಳು. ತೆಂಗು ಅಂದೆ. ಒಂದು ಮರಕ್ಕೆ ಎಷ್ಟು ಕಾಯಿ ಅಂತ ಲೆಕ್ಕ ಕೇಳಿದಳು.

ಡಿಸೆಂಬರ್ 31ರ ರಾತ್ರಿ ಮನೆಗೆ ನಮ್ಮ ಕನ್ನಡದ ಗೆಳೆಯರು ನಾಲ್ಕು ಕುಟುಂಬ ಬಂದಿದ್ದರು. ಹನ್ನೆರಡಾಯಿತು, ಮಕ್ಕಳೆಲ್ಲ ಅಂಗಳಕ್ಕೆ ಓಡಿದರು, ದೂರದಲ್ಲಿ ಪಟಾಕಿ. ಫೋನ್ ಬಡಿದುಕೊಂಡಿತು. ಮುರ್ತಜಾ. ಶುಭಾಶಯ ಹೇಳಲು ಇರಬೇಕು ಅಂತ ತೆಗೆದು ನಾನೇ ಮೊದಲು ಹ್ಯಾಪಿ ನ್ಯೂ ಇಯರ್ ಅಂದೆ. ಅವರು ಸ್ವಲ್ಪ ತಡೆದು, ಮೊದಲ ದಿನದ ಅದೇ ಸಂಕೋಚದಲ್ಲಿ ಕೇಳಿದರು: "ಖಾಹರ್ (ಅವರ ಮಾತಿನಲ್ಲಿ ಸಹೋದರಿ), ಇವತ್ತು ಹುಡುಗಿಗೆ ಹದಿನೆಂಟಾಯಿತಲ್ಲ, ಕಾಗದದಲ್ಲಿ. ಅದಕ್ಕೆ ಬೇರೆ ಫಾರ್ಮ್ ಇದೆಯಂತೆ. ಹೌದಾ?"

ಹೌದು. 47ಎ. ಹದಿನೆಂಟು ದಾಟಿದ ಮಕ್ಕಳು ಇನ್ನೂ ತಂದೆ ತಾಯಿಯನ್ನೇ ನಂಬಿಕೊಂಡಿದ್ದಾರೆ ಅಂತ ತೋರಿಸುವ ಫಾರ್ಮ್. ಹಿಪ್ಪುನೇರಳೆ ಹಣ್ಣಾಗಲು ಇನ್ನೂ ಐದು ತಿಂಗಳಿತ್ತು.

ಭಾನುವಾರ ಬನ್ನಿ ಅಂದೆ. ನಾನೇ ತಪ್ಪು ಹೇಳುತ್ತಿದ್ದೇನೇನೋ ಅನಿಸಿ, ಗೆಳೆಯರನ್ನು ಹಜಾರದಲ್ಲಿ ಬಿಟ್ಟು ಅಡುಗೆಮನೆಗೆ ಹೋಗಿ ಲ್ಯಾಪ್‌ಟಾಪ್ ತೆಗೆದೆ. ಮೊದಲ ಪುಟದಲ್ಲಿ ಹೆಸರು, ಹುಟ್ಟಿದ ತಾರೀಖು. ಅದರ ಕೆಳಗೆ ವಿಳಾಸ. ಈ ತಿಂಗಳದ್ದು ಏನು ಅಂತ ಹುಡುಗಿಗೆ ಮೆಸೇಜ್ ಹಾಕಿದೆ. ಅಲ್ಲಿ ಸಂಜೆ ಆರು ಗಂಟೆ ಇರಬೇಕು. ತಕ್ಷಣ ಉತ್ತರ ಬಂತು. ಮಸೀದಿ, ಓಣಿ, ಎರಡನೇ ಬಾಗಿಲು. ಕೊನೆಗೆ, ಹೊರಗೆ ಬೂಟು ಇರುತ್ತದೆ.